ನೆರಳಿನ ನೀಲಿ ಎಲೆ

ಹೂವಿಗಾಗಿ ಗಿಡ ಬೆಳೆಸುವವರು ಲೋಕದಲ್ಲಿ ಬಹುಮಂದಿ. ಹಣ್ಣಿಗಾಗಿ, ನೆರಳಿಗಾಗಿ, ಮದ್ದಿಗಾಗಿ ಬೆಳೆಸುವವರೂ ಉಂಟು. ಆದರೆ ಬರಿಯ ಎಲೆಯ ಚೆಲುವಿಗಾಗಿ ಒಂದು ಗಿಡವನ್ನು ಕಡಲು ದಾಟಿಸಿ ತಂದು, ಅದರ ಹೆಸರಿನ ವಿಷಯದಲ್ಲಿ ತೊಂಬತ್ತು ವರ್ಷಕ್ಕೂ ಮಿಕ್ಕಿ ವಾದ ಮಾಡಿದ ಸಂಗತಿ ಅಪೂರ್ವವಾದುದು. ಆ ಗಿಡದ ಹೆಸರು ಹೋಸ್ಟ. ಅದರ ಜಾತಿಗಳಲ್ಲಿ ನೀಲಿ ಮಿಶ್ರಿತ ಹಸುರು ಬಣ್ಣದ, ಅಗಲವಾದ ಎಲೆಯ ಒಂದು ತಳಿ ಇದೆ. ಯುರೋಪು ಅಮೆರಿಕಗಳ ತಂಪುನಾಡುಗಳಲ್ಲಿ ಮರದ ನೆರಳಿರುವ ತೋಟಗಳಿಗೆ ಅದೇ ರಾಣಿ. ಅದರ ಚರಿತ್ರೆಯನ್ನು ಹುಡುಕುತ್ತ ಹೋದರೆ ಒಂದು ಕೃತಕ ದ್ವೀಪ, ಒಂದು ನಕ್ಷೆ, ಒಂದು ಸೆರೆಮನೆ, ಎರಡು ವರ್ಷದ ಒಂದು ಹೆಣ್ಣು ಮಗು ಇವೆಲ್ಲ ದಾರಿಯಲ್ಲಿ ಎದುರಾಗುತ್ತವೆ.

ಮೊದಲು ಗಿಡದ ಪರಿಚಯವಾಗಲಿ. ಹೋಸ್ಟ ಕಾಂಡವಿಲ್ಲದ ಗಿಡ. ನೆಲದೊಳಗಿನ ಬುಡದಿಂದ ನೇರವಾಗಿ ಎಲೆಗಳು ಮೇಲೇಳುತ್ತವೆ. ನಮ್ಮ ಕೆಸುವಿನ ಗಿಡವನ್ನು ನೆನೆದುಕೊಂಡರೆ ಅದರ ನಿಲುವಿನ ಕಲ್ಪನೆ ಬರುತ್ತದೆ. ಚಳಿಗಾಲದಲ್ಲಿ ಎಲೆಯೆಲ್ಲ ಕೊಳೆತು ನೆಲ ಬರಿದಾಗುತ್ತದೆ. ವಸಂತದಲ್ಲಿ ಮೊನಚಾದ ಮೊಳಕೆಗಳು ಮಣ್ಣು ಸೀಳಿಕೊಂಡು ಬಂದು, ಸುರುಳಿ ಬಿಚ್ಚಿ ಎಲೆಗಳಾಗುತ್ತವೆ. ನಾನು ಹೇಳುತ್ತಿರುವ ದೊಡ್ಡ ತಳಿಯ ಎಲೆ ಒಂದಡಿಗೂ ಮಿಕ್ಕಿ ಬೆಳೆಯುತ್ತದೆ. ದಪ್ಪನಾಗಿ, ನರನರಗಳ ನಡುವೆ ಉಬ್ಬುತಗ್ಗಾಗಿ, ಹಳೆಯ ತಾಮ್ರದ ತಟ್ಟೆಯನ್ನು ಸುತ್ತಿಗೆಯಿಂದ ಬಡಿದಂತೆ ಕಾಣುತ್ತದೆ. ಪೂರ್ತಿ ಬಲಿತ ಒಂದು ಹಿಂಡಿಲು ಎರಡೂವರೆ ಅಡಿ ಎತ್ತರ, ನಾಲ್ಕಡಿಗೂ ಹೆಚ್ಚು ಅಗಲವಿರುತ್ತದೆ. ಬೇಸಗೆಯ ಮೊದಲಲ್ಲಿ ಎಲೆಗಳ ಮೇಲೆ ಸ್ವಲ್ಪವೇ ತಲೆಯೆತ್ತಿ ಬಿಳುಪಾದ ಗಂಟೆಯಂಥ ಹೂಗಳು ಅರಳುತ್ತವೆ.

ಎಲೆಯ ನೀಲಿಯ ವಿಷಯ ಸ್ವಾರಸ್ಯವಾದುದು. ವಾಸ್ತವವಾಗಿ ಆ ಎಲೆಯಲ್ಲಿ ನೀಲಿ ಬಣ್ಣವೇ ಇಲ್ಲ. ಎಲೆ ಹಸುರು, ಅದರ ಮೇಲೆ ನವುರಾದ ಮೇಣದ ಲೇಪವಿದೆ. ಬೂದುಗುಂಬಳದ ಮೈಮೇಲಿನ ಬೂದಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಮೇಣದ ಕಣಗಳು ಬೆಳಕನ್ನು ಚೆದರಿಸುವುದರಿಂದ ಹಸುರು ನಮಗೆ ನೀಲಿಯಾಗಿ ತೋರುತ್ತದೆ. ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ನೀಲಿ ಅಳಿಸಿ ಕೆಳಗಿನ ಹಸುರು ಹೊರಬೀಳುತ್ತದೆ. ಉಜ್ಜಿದ ಎಲೆಗೆ ಆ ವರ್ಷ ಮತ್ತೆ ಬೂದಿ ಬರುವುದಿಲ್ಲ. ಉರಿಬಿಸಿಲಿಗೆ ಮೇಣ ಕರಗುತ್ತದೆ. ಮಳೆಯ ಹೊಡೆತಕ್ಕೆ ಸವೆಯುತ್ತದೆ. ಈ ಗಿಡವನ್ನು ನೆರಳಿನಲ್ಲಿ ಬೆಳೆಸಬೇಕೆಂಬ ನಿಯಮಕ್ಕೆ ಮುಖ್ಯ ಕಾರಣ ಇದೇ.

ಈ ಕುಲದ ತವರು ಜಪಾನ್, ಚೀನ, ಕೊರಿಯಾ ದೇಶಗಳು. ನೀಲಿ ಎಲೆಯ ಜಾತಿ ಜಪಾನಿನ ಹೊನ್ಷು ದ್ವೀಪದಲ್ಲಿ, ಪಶ್ಚಿಮದ ಕಡಲಿಗೆ ಮುಖಮಾಡಿದ ಬೆಟ್ಟಗಳ ಪಕ್ಕೆಯಲ್ಲಿ ಹುಟ್ಟುತ್ತದೆ. ಅಲ್ಲಿ ಚಳಿಗಾಲದಲ್ಲಿ ಆಳುದ್ದ ಹಿಮ ಬೀಳುತ್ತದೆ. ಹಿಮ ಕರಗಿದೊಡನೆ ಏಳುವ ಎಳೆಯ ಮೊಳಕೆಯನ್ನು ಹಳ್ಳಿಗರು 'ಉರುಯಿ' ಎಂದು ಕರೆದು, ಬೇಯಿಸಿ ಪಲ್ಯವಾಗಿ ತಿನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಕಳಲೆಗೆ ಇರುವ ಮರ್ಯಾದೆಯೇ ಅಲ್ಲಿ ಇದಕ್ಕೆ. ಗಿಡಕ್ಕೆ ಅವರ ಹೆಸರು 'ಗಿಬೋಶಿ'. ಜಪಾನಿನ ಹಳೆಯ ಮರದ ಸೇತುವೆಗಳ ಕೈಪಿಡಿ ಕಂಬಗಳ ತುದಿಯಲ್ಲಿ ಈರುಳ್ಳಿಯಾಕಾರದ ಒಂದು ಲೋಹದ ಕಳಶವಿರುತ್ತದೆ. ಅದರ ಹೆಸರು ಗಿಬೋಶಿ. ಗಿಡದ ಹೂಮೊಗ್ಗು ಅದನ್ನು ಹೋಲುವುದರಿಂದ ಅದೇ ಹೆಸರು ಇದಕ್ಕೂ ಬಂದಿತು. ಪದವನ್ನು ಬಿಡಿಸಿ ನೋಡಿದರೆ 'ಮಣಿಯನ್ನು ಹೋಲುವುದು' ಎಂದು ಅರ್ಥ. ಆ ಮಣಿ ಯಾವುದೆಂದರೆ ಬೌದ್ಧರ ಚಿಂತಾಮಣಿ. ನಮ್ಮ ನಾಡಿನಿಂದ ಹೊರಟು ಚೀನ ದೇಶದ ಮಾರ್ಗವಾಗಿ ಜಪಾನನ್ನು ಮುಟ್ಟಿದ ಕಲ್ಪನೆಯೊಂದು, ಹೀಗೆ ಸೇತುವೆಯ ಕಂಬದಲ್ಲಿ ಕುಳಿತು, ಕೊನೆಗೆ ಕಾಡುಗಿಡದ ಮೊಗ್ಗಿಗೆ ಇಳಿಯಿತು. ಶಬ್ದಗಳ ಪ್ರಯಾಣ ಗಿಡಗಳ ಪ್ರಯಾಣಕ್ಕಿಂತ ವಿಚಿತ್ರ!

ಇಂಥ ಗಿಡ ಯುರೋಪಿಗೆ ಹೋದುದು ಹೇಗೆ? ಹದಿನೇಳನೆಯ ಶತಮಾನದ ನಡುವಿನಿಂದ ಸುಮಾರು ಇನ್ನೂರು ವರ್ಷ ಜಪಾನ್ ತನ್ನ ಬಾಗಿಲನ್ನು ಪರದೇಶದವರಿಗೆ ಮುಚ್ಚಿಕೊಂಡಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ವ್ಯಾಪಾರದ ಅನುಮತಿ. ಅವರಿಗೂ ನಾಡಿನೊಳಗೆ ಪ್ರವೇಶವಿಲ್ಲ. ನಾಗಸಾಕಿಯ ಬಂದರಿನಲ್ಲಿ ಕಟ್ಟಿದ ದೆಜಿಮಾ ಎಂಬ ಬೀಸಣಿಗೆಯಾಕಾರದ ಕೃತಕ ದ್ವೀಪದಲ್ಲಿ ಅವರು 1641ರಿಂದ ಇರಬೇಕಾಯಿತು. ಅದರ ಉದ್ದ ಕೇವಲ ನೂರಿಪ್ಪತ್ತು ಮೀಟರು. ಊರಿಗೂ ದ್ವೀಪಕ್ಕೂ ನಡುವೆ ಒಂದೇ ಸೇತುವೆ, ಅದಕ್ಕೆ ಕಾವಲು. ಅಲ್ಲಿಗೆ ಬಂದ ವೈದ್ಯರೇ ಜಪಾನಿನ ಸಸ್ಯಗಳನ್ನು ಹೊರಜಗತ್ತಿಗೆ ತಿಳಿಸಿದರು. 1690ರಲ್ಲಿ ಬಂದ ಎಂಗೆಲ್ಬರ್ಟ್ ಕೆಂಫರ್ ಎಂಬ ಜರ್ಮನ್ ವೈದ್ಯ 1712ರ ತನ್ನ ಗ್ರಂಥದಲ್ಲಿ ಗಿಬೋಶಿಯನ್ನು ಹೆಸರಿಸಿದ. 1775ರಲ್ಲಿ ಬಂದವನು ಲಿನೇಯಸ್ಸನ ಶಿಷ್ಯ ಕಾರ್ಲ್ ಥುನ್‌ಬರ್ಗ್. ಹೊರಗೆ ಅಡ್ಡಾಡುವಂತಿಲ್ಲದ ಅವನು ಮಾಡಿದ ಉಪಾಯ ನೋಡಿ: ದ್ವೀಪದ ದನಕರುಗಳಿಗೆಂದು ದಿನವೂ ಹೊರಗಿನಿಂದ ಬರುವ ಹುಲ್ಲಿನ ಹೊರೆಯನ್ನು ಬಿಚ್ಚಿಸಿ, ಅದರಲ್ಲಿ ಗಿಡಗಳನ್ನು ಆರಿಸಿಕೊಳ್ಳುತ್ತಿದ್ದನಂತೆ. ದನದ ಬಾಯಿಗೆ ಹೋಗಬೇಕಾದುದರಿಂದ ವಿದ್ಯೆಯನ್ನು ಹೆಕ್ಕಿದ ಈ ಮನುಷ್ಯನ ಜಪಾನೀ ಸಸ್ಯಗ್ರಂಥ 1784ರಲ್ಲಿ ಪ್ರಕಟವಾಯಿತು.

ಮೂರನೆಯವನು ನಮ್ಮ ಕಥಾನಾಯಕ, ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್. ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ 1796ರಲ್ಲಿ, ವೈದ್ಯರ ಮನೆತನದಲ್ಲಿ ಹುಟ್ಟಿದವನು. ಡಚ್ಚರ ಸೇವೆಗೆ ಸೇರಿ 1823ರಲ್ಲಿ ದೆಜಿಮಾಕ್ಕೆ ಬಂದ. ಅವನ ಡಚ್ ಉಚ್ಚಾರಣೆ ಸರಿಯಿಲ್ಲವೆಂದು ಜಪಾನೀ ದುಭಾಷಿಗಳು ಸಂಶಯಪಟ್ಟಾಗ, 'ಇವನು ಬೆಟ್ಟದ ಡಚ್ಚ' ಎಂಬ ಸಮಜಾಯಿಷಿ ನಡೆಯಿತಂತೆ. ಡಚ್ಚರ ನಾಡಿನಲ್ಲಿ ಬೆಟ್ಟವೇ ಇಲ್ಲವೆಂಬುದು ಕೇಳಿದವರಿಗೆ ತಿಳಿಯದಿದ್ದುದು ಅವನ ಅದೃಷ್ಟ!

ಸೀಬೋಲ್ಡನು ಒಳ್ಳೆಯ ವೈದ್ಯನೆಂಬ ಕೀರ್ತಿ ಬೇಗ ಹರಡಿತು. ಅವನಿಗೆ ದ್ವೀಪದಿಂದ ಹೊರಗೆ ಹೋಗಲು ಅನುಮತಿ ದೊರೆತು, 1824ರಲ್ಲಿ ನಾಗಸಾಕಿಯ ನಾರುತಾಕಿ ಎಂಬಲ್ಲಿ ಪಾಠಶಾಲೆಯನ್ನೇ ತೆರೆದ. ನಾಡಿನ ನಾನಾ ಕಡೆಗಳಿಂದ ತರುಣರು ಬಂದು ವೈದ್ಯವನ್ನು ಕಲಿತರು. ಗುರುದಕ್ಷಿಣೆ ಹಣದ ರೂಪದಲ್ಲಿರಲಿಲ್ಲ. ಶಿಷ್ಯರು ತಮ್ಮ ನಾಡಿನ ಗಿಡಮರ, ಆಚಾರ, ಕಸುಬುಗಳ ಮೇಲೆ ಡಚ್ ಭಾಷೆಯಲ್ಲಿ ಪ್ರಬಂಧ ಬರೆದು ಒಪ್ಪಿಸುತ್ತಿದ್ದರು. ಗಿಡ, ಬೀಜಗಳನ್ನು ತಂದುಕೊಡುತ್ತಿದ್ದರು. ಇತೋ ಕೈಸುಕೆ ಎಂಬ ಶಿಷ್ಯನಿಗೆ ಸೀಬೋಲ್ಡ್ ಥುನ್‌ಬರ್ಗನ ಗ್ರಂಥವನ್ನು ಕೊಟ್ಟ. ಆತ 1829ರಲ್ಲಿ ಅದನ್ನು ಆಧರಿಸಿ ಪುಸ್ತಕ ಬರೆದು, ಲಿನೇಯಸ್ಸನ ಸಸ್ಯವಿಂಗಡಣೆಯನ್ನು ಜಪಾನೀಯರಿಗೆ ಪರಿಚಯಿಸಿದ. ಹೀಗೆ ವಿದ್ಯೆ ಒಂದು ಕೈಯಿಂದ ಹೋಗಿ ಇನ್ನೊಂದು ಕೈಯಿಂದ ಬರುತ್ತಿತ್ತು. ಸೀಬೋಲ್ಡ್ ಅಲ್ಲಿಯೇ ಕುಸುಮೊತೊ ತಾಕಿ ಎಂಬಾಕೆಯೊಡನೆ ಸಂಸಾರ ಹೂಡಿದ. 1827ರಲ್ಲಿ ಇನೆ ಎಂಬ ಹೆಣ್ಣುಮಗು ಹುಟ್ಟಿತು.

1826ರಲ್ಲಿ ಡಚ್ಚರು ಕಾಣಿಕೆಯೊಂದಿಗೆ ರಾಜಧಾನಿ ಎದೋ ನಗರಕ್ಕೆ ಹೋದಾಗ ಸೀಬೋಲ್ಡನೂ ಜೊತೆಗಿದ್ದ. ಅಲ್ಲಿ ಆಸ್ಥಾನದ ಜ್ಯೋತಿರ್ವಿಜ್ಞಾನಿ ತಾಕಾಹಾಶಿ ಕಾಗೆಯಾಸು ಎಂಬ ವಿದ್ವಾಂಸನ ಪರಿಚಯವಾಯಿತು. ಸೀಬೋಲ್ಡನ ಬಳಿ ಕ್ರೂಸೆನ್‌ಸ್ಟರ್ನ್ ಎಂಬ ನಾವಿಕನ ಸಮುದ್ರಯಾನದ ಗ್ರಂಥವಿತ್ತು. ತಾಕಾಹಾಶಿಗೆ ಅದು ಬೇಕಾಗಿತ್ತು. ತಾಕಾಹಾಶಿಯ ಬಳಿ ಇನೋ ತದತಾಕನು ನಾಡೆಲ್ಲ ಅಳೆದು ತಯಾರಿಸಿದ ನಕ್ಷೆಗಳಿದ್ದವು. ಸೀಬೋಲ್ಡನಿಗೆ ಅವು ಬೇಕಾಗಿದ್ದವು. ನಾಡಿನ ನಕ್ಷೆಯನ್ನು ಪರದೇಶದವನಿಗೆ ಕೊಡುವುದು ಘೋರಾಪರಾಧ. ವಿದ್ವಾಂಸರಿಬ್ಬರ ಜ್ಞಾನದ ಹಸಿವು ಆ ಕಟ್ಟಳೆಯನ್ನು ಮೀರಿತು.

ಗುಟ್ಟು 1828ರಲ್ಲಿ ಬಯಲಾಯಿತು. ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗಿನಲ್ಲಿ ನಕ್ಷೆ ಸಿಕ್ಕಿತೆಂದು ಬಹುಕಾಲ ಹೇಳುತ್ತಿದ್ದರು. ಸೀಬೋಲ್ಡ್ ಮಾಮಿಯಾ ರಿಂಜೋ ಎಂಬ ಭೂಶೋಧಕನಿಗೆ ಕಳಿಸಿದ ಗಂಟೊಂದನ್ನು ಆತ ಬಿಚ್ಚದೆ ಅಧಿಕಾರಿಗಳಿಗೆ ಒಪ್ಪಿಸಿದ್ದರಿಂದ ಸಂಶಯ ಮೊಳೆಯಿತೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಹೇಗೇ ಇರಲಿ, ತಾಕಾಹಾಶಿಯನ್ನು ಸೆರೆಹಿಡಿದರು. 1829ರ ಮೊದಲಲ್ಲಿ ಆತ ಸೆರೆಮನೆಯಲ್ಲಿಯೇ ಸತ್ತ. ತೀರ್ಪು ಇನ್ನೂ ಆಗಿರಲಿಲ್ಲ. ಆದುದರಿಂದ ಶವವನ್ನು ಉಪ್ಪಿನಲ್ಲಿಟ್ಟು ಕಾದಿರಿಸಿ, ಮರುವರ್ಷ ಮರಣದಂಡನೆಯನ್ನು ವಿಧಿಸಿದರು. ಅವನ ಮಕ್ಕಳೂ ಗಡೀಪಾರಾದರು. ಸಹಾಯ ಮಾಡಿದ ಇನ್ನೂ ಅನೇಕರು ದಂಡನೆಗೆ ಗುರಿಯಾದರು. ಸೀಬೋಲ್ಡನಿಗಾದ ಶಿಕ್ಷೆ ದೇಶದಿಂದ ಬಹಿಷ್ಕಾರ ಮಾತ್ರ. 1829ರ ಡಿಸೆಂಬರಿನ ಕೊನೆಯಲ್ಲಿ ಆತ ಹಡಗು ಹತ್ತಿದ. ತಾಕಿಯೂ ಎರಡು ವರ್ಷದ ಇನೆಯೂ ಹಿಂದೆ ಉಳಿದರು. ಹಡಗಿನಲ್ಲಿ ಅವನೊಡನೆ ಹೋದವು ಗಿಡಗಳು.

1830ರ ಜುಲೈಯಲ್ಲಿ ಆತ ಆಂಟ್‌ವರ್ಪ್ ಬಂದರಿಗೆ ಬಂದಿಳಿದು, ಪಯಣದಲ್ಲಿ ಬದುಕುಳಿದ ಸಸ್ಯಗಳನ್ನು ಗೆಂಟ್ ನಗರದ ಸಸ್ಯೋದ್ಯಾನದಲ್ಲಿ ಇರಿಸಿದ. ಮರುತಿಂಗಳೇ ಬೆಲ್ಜಿಯಮ್ಮಿನ ಕ್ರಾಂತಿ ಸಿಡಿಯಿತು. ಸೀಬೋಲ್ಡ್ ಉತ್ತರದ ಲೇಡನ್ನಿಗೆ ಹೊರಟುಹೋದ. ಗಿಡಗಳು ಗೆಂಟಿನಲ್ಲೇ ಉಳಿದು ಅಲ್ಲಿಂದ ತೋಟಗಾರರ ಕೈಗೆ ಹಂಚಿಹೋದವು. ತಾನು ಜಪಾನಿನಲ್ಲಿ ಕಳೆದುಕೊಂಡ ಸಂಸಾರದಂತೆ ಯುರೋಪಿನಲ್ಲಿ ಗಿಡಗಳೂ ಕೈಬಿಟ್ಟುಹೋದವು. ಮುಂದೆ ಲೇಡನ್ನಿನಲ್ಲಿ ಹೊಸದಾಗಿ ಸಸಿತೋಟ ಹೂಡಿ, ತ್ಸುಕ್ಕರೀನಿ ಎಂಬ ಪಂಡಿತನೊಡನೆ 1835ರಿಂದ ಜಪಾನಿನ ಸಸ್ಯಗ್ರಂಥವನ್ನು ಕಂತುಕಂತಾಗಿ ಹೊರತಂದ. ಅದರಲ್ಲಿ ಒಂದು ಹೂಗಿಡಕ್ಕೆ 'ಒತಾಕ್ಸ' ಎಂದು ಹೆಸರಿಟ್ಟಿದ್ದಾನೆ. ಲ್ಯಾಟಿನ್ ವೇಷದಲ್ಲಿರುವ ಆ ಪದ 'ಓ ತಾಕಿ ಸಾನ್' ಎಂಬುದರ ರೂಪ; ತಾಕಿಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ನೀಲಿ ಎಲೆಯ ಹೋಸ್ಟಕ್ಕೆ 'ಸೀಬೋಲ್ಡಿಯಾನ' ಎಂಬ ವಿಶೇಷಣವನ್ನು ಬೇರೆಯವರು ಗೌರವಾರ್ಥವಾಗಿ ಕೊಟ್ಟರು.

ಇನ್ನು ಕುಲನಾಮದ ವಿವಾದ. ವಿಯೆನ್ನದ ತ್ರಾಟಿನಿಕ್ ಎಂಬ ಸಸ್ಯಜ್ಞ 1812ರಲ್ಲಿ, ಚಕ್ರವರ್ತಿಯ ವೈದ್ಯನಾಗಿದ್ದ ನಿಕೊಲಾಸ್ ಹೋಸ್ಟ್ ಎಂಬ ಸಸ್ಯಪಂಡಿತನ ನೆನಪಿಗೆ 'ಹೋಸ್ಟ' ಎಂದು ಹೆಸರಿಟ್ಟ. ಆದರೆ ಅದೇ ಹೆಸರನ್ನು 1797ರಲ್ಲಿಯೇ ಯಾಕ್ವಿನ್ ಎಂಬುವನು ಬೇರೊಂದು ಗಿಡಕ್ಕೆ ಕೊಟ್ಟುಬಿಟ್ಟಿದ್ದ. ಒಂದೇ ಹೆಸರು ಎರಡು ಕುಲಗಳಿಗೆ ಸಲ್ಲದು. ಆದುದರಿಂದ 1817ರಲ್ಲಿ ಸ್ಪ್ರೆಂಗೆಲ್ ಎಂಬುವನು ಬವೇರಿಯದ ಔಷಧ ವ್ಯಾಪಾರಿ ಫುಂಕ್ ಎಂಬುವನ ನೆನಪಿಗೆ 'ಫುಂಕಿಯ' ಎಂದು ಕರೆದ. ಹತ್ತೊಂಬತ್ತನೆಯ ಶತಮಾನವೆಲ್ಲ ಈ ಹೆಸರೇ ತೋಟಗಳಲ್ಲಿ ನಡೆಯಿತು. ಕೊನೆಗೆ 1905ರಲ್ಲಿ ವಿಯೆನ್ನದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನಿಗಳ ಸಭೆ 'ಹೋಸ್ಟ' ಎಂಬುದನ್ನೇ ಉಳಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ವ್ಯುತ್ಪತ್ತಿಗಿಂತ ರೂಢಿ ಬಲವತ್ತರವೆಂದು ನಮ್ಮ ವೈಯಾಕರಣರು ಹೇಳುತ್ತಾರಷ್ಟೆ. ಜರ್ಮನರು ಸಭೆಯ ತೀರ್ಪಿಗೆ ತಲೆಬಾಗಿದರೂ ಮನೆಮಾತಿನಲ್ಲಿ ಇಂದಿಗೂ 'ಫುಂಕಿ' ಎಂದೇ ಕರೆಯುತ್ತಾರೆ.

ವಿಯೆನ್ನದಲ್ಲಿ ಪಂಡಿತರು ಹೆಸರು ತೀರ್ಮಾನಿಸಿದ ಆ 1905ರಲ್ಲಿಯೇ, ವುಪರ್ಟಾಲ್ ಸಮೀಪದ ರಾನ್ಸ್‌ಡಾರ್ಫ್ ಎಂಬ ಊರಿನಲ್ಲಿ ಗೇಯಾರ್ಗ್ ಅರೆಂಡ್ಸ್ ಎಂಬ ತೋಟಗಾರ ಈ ಜಾತಿಯಿಂದ ಅತ್ಯುತ್ತಮವಾದ ನೀಲಿ ತಳಿಯೊಂದನ್ನು ಹೊರತಂದ. ಅವನು ಇಟ್ಟ ಹೆಸರು 'ರೋಬುಸ್ತ'. 1954ರಲ್ಲಿ ಸ್ವೀಡನ್ನಿನ ಹಿಲಾಂಡರ್ ಪರಿಷ್ಕರಿಸಿ 'ಎಲಿಗಾನ್ಸ್' ಎಂದು ಕರೆದ. ಮೇಲೆ ನಾನು ವರ್ಣಿಸಿದ ಗಿಡ ಇದೇ. ಅರೆಂಡ್ಸನ ಸಸಿತೋಟ 1888ರಲ್ಲಿ ಆರಂಭವಾದುದು. ಮಹಾಯುದ್ಧದಲ್ಲಿ, 1943ರ ಮೇ ತಿಂಗಳಿನ ವಿಮಾನದಾಳಿಗೆ ರಾನ್ಸ್‌ಡಾರ್ಫ್ ತುತ್ತಾಯಿತು. ಎಂಬತ್ತರ ಹತ್ತಿರದಲ್ಲಿದ್ದ ಮುದುಕ ಧೃತಿಗೆಡಲಿಲ್ಲ. 1952ರಲ್ಲಿ ಆತ ತೀರಿಕೊಂಡ. ಅವನ ವಂಶದವರ ಸಸಿತೋಟ ಉಳಿದುಬಂದಿತು. ಅವನ ನೀಲಿ ಗಿಡವಂತೂ ಅಷ್ಟು ಹೊತ್ತಿಗೆ ಕಡಲಾಚೆಗೂ ಹಬ್ಬಿತ್ತು.

ಆ ಗಿಡದ ಸಂತತಿ ಬೆಳೆದ ಬಗೆಯೂ ಕೌತುಕದ್ದೇ. 1936ರಲ್ಲಿ ಅಮೆರಿಕದ ಫ್ರಾನ್ಸಿಸ್ ವಿಲಿಯಮ್ಸ್ ಎಂಬಾಕೆ ಕನೆಕ್ಟಿಕಟ್ ಪ್ರಾಂತದ ಒಂದು ಸಸಿತೋಟದಲ್ಲಿ ಸಾಲಾಗಿ ನೆಟ್ಟ ನೀಲಿ ಗಿಡಗಳ ನಡುವೆ ಹಳದಿ ಅಂಚಿನ ಒಂದನ್ನು ಕಂಡು ಮನೆಗೆ ಒಯ್ದಳು. ಇಂದು ಆಕೆಯ ಹೆಸರಿನಿಂದಲೇ ಆ ತಳಿ ಲೋಕಪ್ರಸಿದ್ಧ. ಇಂಗ್ಲೆಂಡಿನಲ್ಲಿ ಎರಿಕ್ ಸ್ಮಿತ್ ಎಂಬಾತನಿಗೆ ಒಂದು ಆಸೆಯಿತ್ತು: ದೊಡ್ಡ ನೀಲಿ ಗಿಡವನ್ನು ಶರತ್ಕಾಲದಲ್ಲಿ ಹೂಬಿಡುವ ಒಂದು ಪುಟ್ಟ ಜಾತಿಯೊಡನೆ ಕೂಡಿಸಬೇಕು. ಒಂದು ಬೇಸಗೆಯ ಮೊದಲಲ್ಲಿ ಅರಳಿದರೆ ಇನ್ನೊಂದು ತಿಂಗಳುಗಳ ಮೇಲೆ ಅರಳುತ್ತದೆ, ಕೂಡುವುದೆಂತು? 1961ರಲ್ಲಿ ನೀಲಿ ಗಿಡವೊಂದು ಅಕಾಲದಲ್ಲಿ ಹೂಗೊಂಚಲು ಬಿಟ್ಟಿತು. ಆತ ಸಮಯ ಕಳೆಯಲಿಲ್ಲ. ಆ ಕೂಟದಿಂದ ಹುಟ್ಟಿದ ಸಸಿಗಳಲ್ಲಿ 'ಹ್ಯಾಲ್ಸಿಯನ್' ಎಂಬುದು ನೀಲಿಯಲ್ಲಿ ಆ ದೊಡ್ಡ ಗಿಡವನ್ನೇ ಮೀರಿಸಿತು. 1968ರಲ್ಲಿ ಅಮೆರಿಕದಲ್ಲಿ ಹೋಸ್ಟ ಪ್ರಿಯರ ಸಂಘವೇ ಹುಟ್ಟಿಕೊಂಡಿತು.

ಬೆಳೆಸುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. ಬೆಳಗಿನ ಎಳೆಬಿಸಿಲು ತಾಗಿ, ಮಧ್ಯಾಹ್ನದ ಬಿಸಿಲನ್ನು ಮರಗಳು ತಡೆಯುವ ಜಾಗ ಬೇಕು. ಆಳವಾಗಿ ಅಗೆದು, ಕೊಳೆತ ಎಲೆಗೊಬ್ಬರವನ್ನು ಧಾರಾಳವಾಗಿ ಬೆರೆಸಿದ, ತೇವವಿದ್ದರೂ ನೀರು ನಿಲ್ಲದ ಮಣ್ಣು ಬೇಕು. ಮರದ ಬೇರುಗಳು ನೀರನ್ನು ಕದಿಯದಂತೆ ಬುಡದಿಂದ ದೂರ ನೆಡಬೇಕು. ನೀರನ್ನು ಬೇರಿಗೆ ಹನಿಸಬೇಕೇ ವಿನಾ ಎಲೆಯ ಮೇಲೆ ಸುರಿಯಬಾರದು. ಸುರಿದರೆ ಬೂದಿ ತೊಳೆದುಹೋಗುತ್ತದೆ. ಚಿಪ್ಪಿಲ್ಲದ ಬಸವನಹುಳು ಈ ಕುಲಕ್ಕೆ ಪರಮಶತ್ರು. ಆದರೆ ದಪ್ಪ ಎಲೆಯ ನೀಲಿ ತಳಿಯನ್ನು ಅದು ಅಷ್ಟಾಗಿ ಕಾಡದು. ಬೀಜದಿಂದ ಎದ್ದ ಸಸಿ ತಾಯಿಯಂತೆಯೇ ಇರುವುದೆಂಬ ನೆಚ್ಚಿಕೆಯಿಲ್ಲ; ತಳಿ ಕೆಡದಿರಬೇಕಾದರೆ ಬುಡವನ್ನು ಸೀಳಿ ನೆಡಬೇಕು. ನೆಟ್ಟ ಗಿಡ ತನ್ನ ಪೂರ್ಣ ಗಾತ್ರವನ್ನು ತೋರಿಸಲು ಐದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಕೆಲವು ವಾರಗಳ ಗಟ್ಟಿ ಚಳಿಯಲ್ಲಿ ಅದು ನಿದ್ರಿಸಲೇಬೇಕು. ಆ ಚಳಿ ನಮ್ಮ ಬಯಲುಸೀಮೆಯಲ್ಲಾಗಲಿ ಕರಾವಳಿಯಲ್ಲಾಗಲಿ ಇಲ್ಲ. ಆದುದರಿಂದ ಇಲ್ಲಿ ತಂದು ನೆಟ್ಟರೆ ಗಿಡ ವರ್ಷವರ್ಷಕ್ಕೆ ಸೊರಗುತ್ತದೆ.

ಹಾಗಾದರೆ ನಮ್ಮಲ್ಲಿ ಬೆಳೆಯದ ಗಿಡದ ಚರಿತ್ರೆ ನಮಗೇಕೆ? ಇದೇ ಬಗೆಯ ಚರಿತ್ರೆ ನಮ್ಮ ಕಡಲತೀರದಲ್ಲಿಯೂ ನಡೆದಿದೆ. ಡಚ್ಚರ ಅದೇ ಕಂಪನಿಯ ಕೊಚ್ಚಿಯ ಅಧಿಕಾರಿ ಫಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳನ್ನು ಕುರಿತು ಮಾಡಿಸಿದ ಹನ್ನೆರಡು ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಮಾಹಿತಿ ಕೊಟ್ಟ ಇಟ್ಟಿ ಅಚ್ಯುತನ್ ಎಂಬ ವೈದ್ಯನ ಹೆಸರೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಪಂಡಿತರ ಹೆಸರುಗಳೂ ಅವರವರ ಹೇಳಿಕೆಗಳೊಡನೆ ಅಚ್ಚಾಗಿವೆ. ವಿದ್ಯೆ ಕೊಟ್ಟವನ ಹೆಸರನ್ನು ವಿದ್ಯೆಯೊಡನೆ ಬರೆದಿಡುವುದು ಋಣ ತೀರಿಸುವ ಕನಿಷ್ಠ ಕ್ರಮ. ತಾಕಾಹಾಶಿಯ ಋಣವನ್ನು ಯಾವ ಎಲೆಯೂ ಹೇಳುವುದಿಲ್ಲ.

ಉಳಿದವರ ಮಾತು ಹೇಳಿ ಮುಗಿಸುತ್ತೇನೆ. ಬಹಿಷ್ಕಾರ ತೆರವಾಗಿ 1859ರಲ್ಲಿ ಸೀಬೋಲ್ಡ್ ಮತ್ತೆ ನಾಗಸಾಕಿಗೆ ಬಂದ. ಬಿಟ್ಟುಹೋದ ಎರಡು ವರ್ಷದ ಮಗು ಮೂವತ್ತೆರಡರ ಪ್ರೌಢೆಯಾಗಿತ್ತು. ಇನೆಗೆ ವೈದ್ಯವಿದ್ಯೆಯ ಮೊದಲ ಪಾಠ ಹೇಳಿದವನು, ಸೀಬೋಲ್ಡನ ಪ್ರಕರಣದಲ್ಲಿ ದಂಡನೆಗೊಳಗಾಗಿದ್ದ ಶಿಷ್ಯ ನಿನೊಮಿಯ ಕೈಸಾಕು. ಗುರು ಕೊಟ್ಟುದನ್ನು ಗುರುವಿನ ಮಗಳಿಗೆ ಆತ ತಿರುಗಿ ಕೊಟ್ಟ. ಪಾಶ್ಚಾತ್ಯ ವೈದ್ಯವನ್ನು ಕಲಿತ ಮೊದಲ ಜಪಾನೀ ಮಹಿಳೆಯೆಂದು ಹೆಸರಾದ ಇನೆ, 1873ರಲ್ಲಿ ಚಕ್ರವರ್ತಿ ಮೇಜಿಯ ಅರಮನೆಯಲ್ಲಿ ಹೆರಿಗೆ ನೋಡಿಕೊಳ್ಳುವಷ್ಟು ಗೌರವ ಪಡೆದು, 1903ರಲ್ಲಿ ತೀರಿಕೊಂಡಳು. ಸೀಬೋಲ್ಡ್ 1866ರಲ್ಲಿಯೇ ಮ್ಯೂನಿಕ್ಕಿನಲ್ಲಿ ಸತ್ತಿದ್ದ.

ಚಳಿನಾಡಿಗೆ ಹೋದ ನಮ್ಮ ಮಕ್ಕಳು ಮೊಮ್ಮಕ್ಕಳು ಅಲ್ಲಿನ ತೋಟದ ಮರದ ನೆರಳಿನಲ್ಲಿ ಈ ನೀಲಿ ಎಲೆಯನ್ನು ಕಂಡಾರು. ನೋಡಿದವರು ಮುಟ್ಟದಿರಲಿ, ಬೂದಿ ಅಳಿಸಿದರೆ ಮತ್ತೆ ಬರಬೇಕಾದರೆ ಮುಂದಿನ ವಸಂತವೇ ಬರಬೇಕು. ಅದರ ಹೆಸರೇನೆಂದು ಜೊತೆಗಿದ್ದವರು ಕೇಳಿದರೆ ಹೋಸ್ಟ, ಸೀಬೋಲ್ಡ್ ಎಂಬ ಹೆಸರುಗಳ ಜೊತೆಗೆ ತಾಕಾಹಾಶಿ ಎಂಬ ಹೆಸರನ್ನೂ ಒಮ್ಮೆ ಹೇಳಲಿ.